ತಿದ್ದಿದ ಚೀಟಿ

ಬೈಲಹೊಂಗಲ, ಕಿತ್ತೂರು, ಸವದತ್ತಿಯ ಗಾಡಿಗಳೆಲ್ಲ ನಂಬರ್ ಪ್ಲೇಟಿನ ಮಟ್ಟಿಗೆ ಒಂದೇ ಮನೆಯವು. ಎಲ್ಲಕ್ಕೂ ಕೆಎ-24. ಪಕ್ಕದ ಧಾರವಾಡ ಕೆಎ-25. ಚಲನ್ ಬರೆಯುವ ಕೈ 4ರ ಜಾಗದಲ್ಲಿ 5 ಬರೆದರೆ ಸಾಕು, ಬೈಲಹೊಂಗಲದವನ ತಪ್ಪು ಧಾರವಾಡದ ಯಾರದೋ ಮನೆ ಬಾಗಿಲು ತಟ್ಟುತ್ತದೆ. ಅದನ್ನು ತಿದ್ದಲೇಬೇಕು. ಹಾಗಾಗಿ ಪೊಲೀಸರು ಕೊಟ್ಟ ಚೀಟಿಯನ್ನು ಆಮೇಲೆ ಮುಟ್ಟಲೇಬಾರದು ಎನ್ನುವವರ ಜೊತೆ ನಾನಿಲ್ಲ. ನನ್ನ ತಕರಾರು ತಿದ್ದುವ ರೀತಿಯ ಬಗ್ಗೆ, ತಿದ್ದಿದ್ದನ್ನು ಹೇಳದೆ ಇರುವುದರ ಬಗ್ಗೆ. ಜೊತೆಗೆ, ತಿದ್ದಿದ ಚೀಟಿ ಹಿಡಿದುಕೊಂಡು ನಾವು ಹೂಡುವ ವಾದವೂ ಬಡವಾಗಿದೆ ಎಂಬ ಬೇಸರ ಇದೆ.

ಒಂದು ಚೀಟಿಯನ್ನು ಕಲ್ಪಿಸಿಕೊಳ್ಳಿ. ಕಾರು, ವೇಗ ಗಂಟೆಗೆ 85 ಕಿ.ಮೀ., ಸ್ಥಳ ‘ಕಿತ್ತೂರು ಹತ್ತಿರ, ರಾಷ್ಟ್ರೀಯ ಹೆದ್ದಾರಿ 48’. ವಾರ ಬಿಟ್ಟು ನೋಡಿದರೆ ಅದೇ ಚಲನ್‌ನಲ್ಲಿ ಸ್ಥಳ ‘ಕಿತ್ತೂರು ಪಟ್ಟಣ’ ಎಂದಾಗಿದೆ. ಉಳಿದದ್ದೆಲ್ಲ ಇದ್ದ ಹಾಗೇ ಇದೆ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ನಡುವೆ ವಿಭಜಕ ಇರುವ ನಾಲ್ಕು ಲೇನಿನ ಅಥವಾ ಇನ್ನೂ ಅಗಲದ ರಸ್ತೆಯಲ್ಲಿ ಕಾರಿಗೆ ಗರಿಷ್ಠ ವೇಗ 100, ಊರಿನ ಮಿತಿಯೊಳಗೆ 70. ರಾಜ್ಯ ಸರ್ಕಾರ ಇದಕ್ಕಿಂತ ಕಡಿಮೆ ಮಿತಿ ಹಾಕಬಹುದು, ಆದರೆ ಹಾಕಿದಲ್ಲಿ ಫಲಕ ನೆಡಬೇಕು. ಅಂಥ ಫಲಕವಿಲ್ಲದಿದ್ದರೆ ಮೊದಲ ಚೀಟಿಯಲ್ಲಿ ಅಪರಾಧವೇ ಇಲ್ಲ, ಎರಡನೆಯದರಲ್ಲಿ ಇದೆ! ಇಂಥ ತಿದ್ದುಪಡಿಯನ್ನು ಕಾಗುಣಿತದ ತಪ್ಪು ಎಂದು ಕರೆಯಲು ನನಗೆ ಮನಸ್ಸಿಲ್ಲ.

ವಾಹನದ ವರ್ಗದ ಕಾಲಂ ಕೂಡ ಹೀಗೆಯೇ. ಅದೇ ಹೆದ್ದಾರಿಯಲ್ಲಿ ಬೈಕಿಗೆ 80. ಚಾಲಕನನ್ನು ಬಿಟ್ಟು ಎಂಟಕ್ಕಿಂತ ಹೆಚ್ಚು ಜನ ಕೂರುವ ಕ್ರೂಸರ್‌ನಂಥ ಗಾಡಿಗೆ 90. ವರ್ಗ ತಿದ್ದಿದರೆ ಲೆಕ್ಕವೇ ತಿರುಗುತ್ತದೆ. ಗಾಡಿಯ ಬಣ್ಣ, ತಂದೆಯ ಹೆಸರು ತಿದ್ದಿದರೆ ಏನೂ ತಿರುಗುವುದಿಲ್ಲ. ಆದರೂ ನಮ್ಮ ಜನ ಗಟ್ಟಿಯಾಗಿ ಹಿಡಿದುಕೊಳ್ಳುವುದು ಈ ಎರಡನೇ ಜಾತಿಯ ತಪ್ಪನ್ನೇ. “ನನ್ನ ಹೆಸರಿನಾಗ ಒತ್ತು ತಪ್ಪೈತ್ರಿ, ಕೇಸ್ ನಿಲ್ಲೂದಿಲ್ಲ” ಎನ್ನುವ ಮಾತು ಚಹಾದಂಗಡಿಯಲ್ಲಿ ಗೆಲ್ಲುತ್ತದೆ. ಕೋರ್ಟಿನಲ್ಲಿ ಅದಕ್ಕೆ ಬೆಲೆ ಇಲ್ಲ, ಇರಬಾರದು ಕೂಡ. ಆ ತಪ್ಪಿನಿಂದ ಆರೋಪಿ ದಾರಿ ತಪ್ಪಿದನೇ, ಅವನಿಗೆ ಅನ್ಯಾಯವಾಯಿತೇ ಎಂಬುದೇ ಕ್ರಿಮಿನಲ್ ಪ್ರಕ್ರಿಯೆಯಲ್ಲಿ ಅಳತೆಗೋಲು.

ಸ್ಥಳ ಮತ್ತು ಸಮಯದ ಮಾತು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 209ನೇ ಕಲಂ ಅವೆರಡನ್ನೂ ಹೆಸರಿಟ್ಟು ಕೇಳುತ್ತದೆ. ಅತಿವೇಗಕ್ಕೆ ಶಿಕ್ಷೆಯಾಗಬೇಕಾದರೆ ಮೂರರಲ್ಲಿ ಒಂದಾದರೂ ನಡೆದಿರಬೇಕು: ಸ್ಥಳದಲ್ಲೇ ‘ನಿಮ್ಮ ಮೇಲೆ ಕೇಸು ಆಗಬಹುದು’ ಎಂದು ಎಚ್ಚರಿಸಿರಬೇಕು, ಇಲ್ಲವೇ 14 ದಿನದೊಳಗೆ ಅಪರಾಧದ ಸ್ವರೂಪ, ಸಮಯ, ಸ್ಥಳ ಹೇಳುವ ನೋಟಿಸನ್ನು ಕೈಗೆ ಕೊಟ್ಟಿರಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿರಬೇಕು, ಅದೂ ಇಲ್ಲವಾದರೆ 28 ದಿನದೊಳಗೆ ಸಮನ್ಸ್ ಜಾರಿಯಾಗಿರಬೇಕು. ಚಾಲಕನದಾಗಲಿ ಗಾಡಿಯ ಮಾಲೀಕನದಾಗಲಿ ಹೆಸರು, ವಿಳಾಸ ಎಷ್ಟು ಹುಡುಕಿದರೂ ಸಿಗದಿದ್ದರೆ, ಅಥವಾ ತಡಕ್ಕೆ ಅವನೇ ಕಾರಣನಾಗಿದ್ದರೆ ಪೊಲೀಸರಿಗೆ ವಿನಾಯಿತಿ ಇದೆ. ಇಂಗ್ಲೆಂಡಿನಲ್ಲೂ ಅದೇ 1988ರ ಕಾಯ್ದೆಯೊಂದರಲ್ಲಿ ಇದೇ 14 ದಿನದ ಮಾತು ಇದೆ. ಓದಲು ನನಗೆ ಹಿಡಿಸುವ ಕಲಂ ಇದು. ಮನುಷ್ಯನ ನೆನಪಿನ ಆಯುಷ್ಯ ಎಷ್ಟೆಂದು ಬಲ್ಲವರು ಬರೆದಂತಿದೆ. ಮೂರು ತಿಂಗಳ ಹಿಂದಿನ ಮಂಗಳವಾರ ಯರಗಟ್ಟಿ ಕ್ರಾಸಿನಲ್ಲಿ ನಿಮ್ಮ ಗಾಡಿ ಎಷ್ಟು ವೇಗದಲ್ಲಿತ್ತು ಎಂದರೆ ಯಾರು ಹೇಳಬಲ್ಲರು?

ಆದರೆ ನೋಟಿಸು ಕೊಟ್ಟ ಮೇಲೆ ಅದನ್ನು ತಿದ್ದಿದರೆ ಏನು ಎಂಬುದಕ್ಕೆ ಈ ಕಲಂ ತುಟಿ ಬಿಚ್ಚುವುದಿಲ್ಲ. ನನ್ನ ಓದು ಹೀಗಿದೆ: ಸ್ಥಳವನ್ನೋ ಸಮಯವನ್ನೋ ಬದಲಿಸಿದ ಚೀಟಿ ಹೊಸ ನೋಟಿಸು; ಅದು ಕೂಡ ಅದೇ 14 ದಿನದೊಳಗೆ ತಲುಪುವ ದಾರಿ ಹಿಡಿದಿರಬೇಕು. ಇಪ್ಪತ್ತನೇ ದಿನ ಮೌನವಾಗಿ ತಿದ್ದಿದ ಕಾಗದಕ್ಕೆ ಮೊದಲ ದಿನದ ತಾರೀಖಿನ ಬಲ ಕೊಡುವುದು ಆ ಕಲಮಿನ ಉದ್ದೇಶವನ್ನೇ ಕೊಲ್ಲುತ್ತದೆ. ಒಂದು ಎಚ್ಚರಿಕೆ: ಗಾಡಿ ನಿಲ್ಲಿಸಿ, ಸ್ಥಳದಲ್ಲೇ ಎಚ್ಚರಿಸಿ ಚೀಟಿ ಕೊಟ್ಟಿದ್ದರೆ ಈ ವಾದ ನಡೆಯುವುದಿಲ್ಲ. ಮೊದಲನೇ ಷರತ್ತು ಅಲ್ಲಿಗೇ ಮುಗಿದಿರುತ್ತದೆ. ಕ್ಯಾಮೆರಾ ಹಿಡಿದ, ಆಮೇಲೆ ಮೊಬೈಲಿಗೆ ಬಂದ ಚಲನ್‌ಗಳಲ್ಲಿ ಮಾತ್ರ ಇದಕ್ಕೆ ಜೀವ ಇದೆ.

ಕ್ಯಾಮೆರಾದ ವಿಚಾರದಲ್ಲಿ ಕಾನೂನು ಬರೆದವರೇ ಒಂದು ಎಡವಟ್ಟು ಮಾಡಿಟ್ಟಿದ್ದಾರೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮ ನೋಟಿಸಿಗೆ 15 ದಿನ ಕೊಟ್ಟಿತು. ಕಾಯ್ದೆಯಲ್ಲಿ 14, ನಿಯಮದಲ್ಲಿ 15. ಹದಿನೈದನೇ ದಿನ ಹೊರಟ ನೋಟಿಸು ನಿಯಮಕ್ಕೆ ಸರಿ, ಕಾಯ್ದೆಗೆ ತಡ. ಕಾಯ್ದೆಯ ಮುಂದೆ ನಿಯಮ ತಲೆಬಾಗಬೇಕು ಎಂಬುದು ಕಾನೂನು ಕಾಲೇಜಿನ ಮೊದಲ ವರ್ಷದ ಪಾಠ. ಈ ಒಂದು ದಿನದ ಬಿರುಕನ್ನು ನಿಯಮ ಬರೆದ ಮೇಜಿನ ಮೇಲೆಯೇ ಮುಚ್ಚಬೇಕಿತ್ತು.

ಉಳಿದ ವಿಷಯದಲ್ಲಿ 167ಎ ಚೆನ್ನಾಗಿದೆ. ಸಾಧನಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಚಲನ್ ಜೊತೆ ನಂಬರ್ ಪ್ಲೇಟು ಕಾಣುವ ಚಿತ್ರ, ಸಾಧನ ತೋರಿಸಿದ ಅಳತೆ, ದಿನಾಂಕ, ಸಮಯ, ಸ್ಥಳ, ಉಲ್ಲಂಘನೆಯಾದ ಕಲಂ ಎಲ್ಲ ಇರಬೇಕು. ಕಾಯ್ದೆಯ 183ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಒಬ್ಬ ಸಾಕ್ಷಿಯ ಅಂದಾಜಿನ ಮೇಲಷ್ಟೇ ಅತಿವೇಗಕ್ಕೆ ಶಿಕ್ಷೆ ಕೊಡುವಂತಿಲ್ಲ, ಆ ಅಂದಾಜಿಗೆ ಯಾಂತ್ರಿಕ ಅಥವಾ ವಿದ್ಯುನ್ಮಾನ ಸಾಧನದ ಆಧಾರ ಬೇಕು. ತಿದ್ದಿದ ಚೀಟಿ ಕೈಗೆ ಬಂದಾಗ ಕೇಳಬೇಕಾದ ನಿಜವಾದ ಪ್ರಶ್ನೆ ಇಲ್ಲಿದೆ. ತಿದ್ದಿದ ಸ್ಥಳಕ್ಕೆ ಚಿತ್ರ ಹೊಂದುತ್ತದೆಯೇ? ಯಂತ್ರದ ದಾಖಲೆಯಲ್ಲಿ ಇರುವ ಸಮಯ ಚೀಟಿಯ ಸಮಯವೇ? ಪೆನ್ನು ಬದಲಿಸಿದ್ದನ್ನು ಯಂತ್ರವೂ ಹೇಳಬೇಕು. ಯಂತ್ರ ಹಳೆಯ ಮಾತನ್ನೇ ಹೇಳುತ್ತಿದ್ದರೆ ಕೇಸು ಬಿದ್ದಂತೆ. (ಭರತ ಹುಣ್ಣಿಮೆಯ ಜಾತ್ರೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳ ನಡುವೆ ಯಾರಿಗಾದರೂ ಅತಿವೇಗದ ಚಲನ್ ಬಂದರೆ ಯಂತ್ರವನ್ನೂ ನಂಬಬೇಡಿ.)

ನ್ಯಾಯಾಧೀಶರೂ ದೋಷಾರೋಪ ತಿದ್ದಬಹುದು, ತೀರ್ಪು ಹೇಳುವ ತನಕ ಯಾವಾಗ ಬೇಕಾದರೂ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಅಧಿಕಾರ ಇದೆ. ಆದರೆ ತಿದ್ದಿದ್ದನ್ನು ಆರೋಪಿಗೆ ಓದಿ ಹೇಳಬೇಕು, ಸಾಕ್ಷಿಗಳನ್ನು ಮತ್ತೆ ಕರೆಸಲು ಅವಕಾಶ ಕೊಡಬೇಕು. ಕರಿ ಕೋಟಿನ ಎದುರು, ತೆರೆದ ಕೋರ್ಟಿನಲ್ಲಿ ನಡೆಯುವ ತಿದ್ದುಪಡಿಗೇ ಇಷ್ಟು ಕಟ್ಟಳೆ ಇರುವಾಗ ರಸ್ತೆ ಬದಿಯ ಪೆನ್ನಿಗೆ, ಠಾಣೆಯ ಕಂಪ್ಯೂಟರಿಗೆ ಯಾವ ಕಟ್ಟಳೆಯೂ ಬೇಡವೇ?

ಇಷ್ಟೆಲ್ಲ ಇದ್ದೂ ತಕರಾರು ಹಾಕುವವರು ಕಡಿಮೆ. ಕಾರಣ ಕಾನೂನಿನಲ್ಲೇ ಇದೆ. ಕಾರಿನ ಅತಿವೇಗಕ್ಕೆ 2019ರ ತಿದ್ದುಪಡಿಯ ಪ್ರಕಾರ ಒಂದರಿಂದ ಎರಡು ಸಾವಿರ ರೂಪಾಯಿ ದಂಡ. 208ನೇ ಕಲಮಿನಡಿ ತಪ್ಪೊಪ್ಪಿಕೊಳ್ಳುವವನು ಅಂಚೆಯಲ್ಲೇ ಮುಗಿಸಬಹುದು. ಅಲ್ಲಗಳೆಯುವವನು ತಾನು ಬರಬೇಕು ಇಲ್ಲವೇ ವಕೀಲರನ್ನು ಕಳಿಸಬೇಕು. ಕೇಸು ನಡೆಯುವುದು ಗಾಡಿ ಸಿಕ್ಕ ಜಾಗದ ಕೋರ್ಟಿನಲ್ಲಿ. ಕಿತ್ತೂರು ಬಳಿ ಸಿಕ್ಕ ರಾಮದುರ್ಗದವನಿಗೆ ಒಂದು ತಾರೀಖು ಅಂದರೆ ಒಂದು ದಿನದ ದುಡಿಮೆ, ಬಸ್ಸಿನ ಖರ್ಚು, ವಕೀಲರ ಫೀಸು. “ಸಾವಿರ ರೂಪಾಯಿ ಸಲುವಾಗಿ ಯಾಕ ಅಡ್ಡಾಡ್ತೀರಿ, ಕಟ್ಟಿ ಬಿಡ್ರಿ” ಎನ್ನುವವರ ಲೆಕ್ಕ ತಪ್ಪಲ್ಲ. ಒಮ್ಮೆ ಕಟ್ಟಿ ರಾಜಿ ಮಾಡಿಕೊಂಡರೆ ತಿದ್ದುಪಡಿಯ ಪ್ರಶ್ನೆಯೂ ಅಲ್ಲಿಗೆ ಮುಗಿಯಿತು.

ರಾಜ್ಯ ಸರ್ಕಾರವೂ ಜನರನ್ನು ಅದೇ ದಾರಿಗೆ ಹಚ್ಚಿದೆ. 2023ರ ಫೆಬ್ರವರಿ 3ರಿಂದ 11ರವರೆಗೆ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತು, 2025ರ ಆಗಸ್ಟ್‌–ಸೆಪ್ಟೆಂಬರ್‌ನಲ್ಲಿ ಮತ್ತೆ ಕೊಟ್ಟಿತು. ಖಜಾನೆ ತುಂಬಿತು ನಿಜ. ಆದರೆ ಆರೋಪವನ್ನು ಹಬ್ಬದ ಸೀರೆಯಂತೆ ಅರ್ಧ ಬೆಲೆಗೆ ಇಟ್ಟಾಗ, ಅದು ನಿಜವೋ ಸುಳ್ಳೋ ಎಂದು ಕೇಳುವವನು ಹುಚ್ಚನಂತೆ ಕಾಣುತ್ತಾನೆ.

ನನ್ನ ತೀರ್ಪು ಇಷ್ಟು: ಅಂಕಿ, ಅಕ್ಷರ ತಿದ್ದಲಿ, ಆದರೆ ಹಳೆಯದು, ಹೊಸದು, ತಿದ್ದಿದ ದಿನ, ತಿದ್ದಿದವರ ಸಹಿ ನಾಲ್ಕೂ ಚೀಟಿಯ ಮೇಲೆ ಕಾಣಲಿ. ಅಲ್ಲಿಯವರೆಗೆ ಕೆಎ-24ರ ಗಾಡಿಯವರು ಚೀಟಿ ಸಿಕ್ಕ ದಿನವೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಮೊಬೈಲಿಗೆ ಬಂದ ಸಂದೇಶ ಅಳಿಸಬೇಡಿ. ತಿದ್ದಿದ ಪ್ರತಿ ಅಂಚೆಯಲ್ಲಿ ಬಂದರೆ ಲಕೋಟೆಯನ್ನು ಹರಿದು ಒಗೆಯಬೇಡಿ, ಅಂಚೆ ಮುದ್ರೆಯ ತಾರೀಖು ಇರುವುದು ಅದರ ಮೇಲೆ.