ಒಂದೇ ಹಳಿ, ಇಬ್ಬರು ಪಯಣಿಗರು

ಮಧ್ಯ ಅಮೆರಿಕದ ಪ್ರವಾಸಕಥನ ಹುಡುಕಿದವರಿಗೆ ಮೊದಲು ಸಿಗುವ ಪುಸ್ತಕಗಳಲ್ಲಿ ಪಾಲ್ ಥೆರೂ ಅವರ 'ದಿ ಓಲ್ಡ್ ಪೆಟಗೋನಿಯನ್ ಎಕ್ಸ್‌ಪ್ರೆಸ್' (1979) ಒಂದು. ಬಾಸ್ಟನ್ನಿನಿಂದ ದಕ್ಷಿಣ ಅಮೆರಿಕದ ಕೊನೆಯತ್ತ, ಸಾಧ್ಯವಾದಷ್ಟೂ ರೈಲಿನಲ್ಲೇ ಹೋದ ಕಥೆ ಅದು. ಅದನ್ನು ಒಂಟಿಯಾಗಿ ಓದಬಾರದು, ಎಲ್ ಸಾಲ್ವಡಾರಿನ ಪತ್ರಕರ್ತ ಓಸ್ಕರ್ ಮಾರ್ಟಿನೆಸ್ ಅವರ 'ದಿ ಬೀಸ್ಟ್' ಜೊತೆಗಿಟ್ಟು ಓದಬೇಕು ಎಂಬುದು ನನ್ನ ವಾದ.

ಥೆರೂ ಅವರ ದೊಡ್ಡ ಗುಣ ಮುಲಾಜಿಲ್ಲದ ಕಣ್ಣು. 1976ರ ಭೂಕಂಪಕ್ಕೆ ನಲುಗಿದ ಗ್ವಾಟೆಮಾಲಾ ಸಿಟಿಯನ್ನು ಅವರು ಚಂದಗಾಣಿಸಿ ಹೇಳುವುದಿಲ್ಲ. ಸಾನ್ ಸಾಲ್ವಡಾರಿನ ಫುಟ್‌ಬಾಲ್ ಪಂದ್ಯದ ಅಧ್ಯಾಯವಂತೂ ಪುಸ್ತಕದಲ್ಲೇ ಉತ್ತಮವಾದದ್ದು. ನೆರಳಿನ ಸೀಟು ಯಾರಿಗೆ, ಸುಡುಬಿಸಿಲಿನ ಸೀಟು ಯಾರಿಗೆ ಎಂಬುದರಲ್ಲೇ ಇಡೀ ಸಮಾಜದ ನಕ್ಷೆಯನ್ನು ಅವರು ಗುರುತಿಸುತ್ತಾರೆ. ಪುಸ್ತಕ ಬಂದ ಮರುವರ್ಷವೇ ಅಲ್ಲಿ ಅಂತರ್ಯುದ್ಧ ಶುರುವಾಗಿ 1992ರವರೆಗೆ ನಡೆಯಿತು. ಆ ಅಧ್ಯಾಯವನ್ನು ಈಗ ಓದಿದರೆ ಎದೆ ಝಲ್ಲೆನ್ನುತ್ತದೆ.

ಆದರೆ ಗಡಿ ಬಂದಾಗ ಈ ಕಣ್ಣಿಗೆ ಮಿತಿಯಿದೆ. ಥೆರೂಗೆ ಗಡಿಯೆಂದರೆ ಕಿರಿಕಿರಿ: ಕಾಯುವುದು, ಮುದ್ರೆ ಒತ್ತಿಸುವುದು, ಅಧಿಕಾರಿಯ ಗತ್ತು ಸಹಿಸುವುದು. ನಿಕರಾಗುವಾದಲ್ಲಿ ಕಾದಾಟವಿದೆಯೆಂದಾಗ ಆ ದೇಶವನ್ನು ಬಿಟ್ಟು ವಿಮಾನದಲ್ಲಿ ಕೋಸ್ಟರಿಕಾಕ್ಕೆ ಹಾರುತ್ತಾರೆ. ಅದು ತಪ್ಪಲ್ಲ. ಆದರೆ ಬೇಸರಪಡುವ ಈ ಸೌಕರ್ಯ ಅವರ ಪಾಸ್‌ಪೋರ್ಟಿನಿಂದ ಬಂದದ್ದೆಂಬ ಅರಿವು ಬರಹದೊಳಗೆ ಆಳಕ್ಕೆ ಇಳಿಯುವುದಿಲ್ಲ.

ಥೆರೂ ಗ್ವಾಟೆಮಾಲಾ ಗಡಿ ತಲುಪಿದ್ದು ಮೆಕ್ಸಿಕೋದ ತಪಾಚುಲಾಕ್ಕೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ. 2005ರಲ್ಲಿ 'ಸ್ಟ್ಯಾನ್' ಚಂಡಮಾರುತ ಆ ಹಾದಿಯ ಹಳಿಗಳನ್ನು ಕಿತ್ತುಹಾಕಿತು. ಉತ್ತರಕ್ಕೆ ಹೊರಟ ವಲಸಿಗರು ಆಮೇಲೆ ಸರಕು ರೈಲು ಹತ್ತಲು ಅರಿಯಾಗಾದವರೆಗೆ ಹೋಗಬೇಕಾಯಿತು. ತಪಾಸಣಾ ಠಾಣೆಗಳನ್ನು ತಪ್ಪಿಸಲು ಅವರು ಕಾಡುದಾರಿ ಹಿಡಿದರು. ದರೋಡೆ, ಅತ್ಯಾಚಾರ ನಡೆಯುತ್ತಿದ್ದದ್ದು ಅಲ್ಲೇ. ಮಾರ್ಟಿನೆಸ್ ಅವರೊಂದಿಗೆ ಆ ದಾರಿಯಲ್ಲಿ ನಡೆದರು, ರೈಲಿನ ನೆತ್ತಿಯ ಮೇಲೆ ಕೂತು ಹೋದರು.

2010ರಲ್ಲಿ ಸ್ಪ್ಯಾನಿಷ್‌ನಲ್ಲಿ ಬಂದ ಈ ಪುಸ್ತಕದ ಮೂಲ ಹೆಸರಿನ ಅರ್ಥ 'ಲೆಕ್ಕಕ್ಕಿಲ್ಲದ ವಲಸಿಗರು'. ಇಲ್ಲಿ ಊರೆಂದರೆ ಚೌಕ, ಚರ್ಚು, ಹೋಟೆಲು ಅಲ್ಲ. ರೈಲು ಯಾರ್ಡ್ ಮತ್ತು ಒಂದು ರಾತ್ರಿ ತಲೆಯಿಡುವ ತಂಗುದಾಣ. ಸುಚಿಯಾತೆ ನದಿಯನ್ನು ಟ್ಯೂಬು, ಹಲಗೆ ಕಟ್ಟಿದ ತೆಪ್ಪದಲ್ಲಿ ಹಗಲಲ್ಲೇ ದಾಟಬಹುದು. ನಿಜವಾದ ಗಡಿ ಶುರುವಾಗುವುದು ಆಚೆ ದಡದ ನಂತರ. ಗಡಿ ಗೆರೆಯಲ್ಲ, ನೂರಾರು ಮೈಲಿ ಚಾಚಿದ ಭಯ ಎಂಬುದನ್ನು ಈ ಪುಸ್ತಕ ಮನಗಾಣಿಸುತ್ತದೆ. ಹಿಂಸೆಯ ಮೇಲೆ ಹಿಂಸೆ ಬರುವಾಗ ಕೆಲವು ಮುಖಗಳು ಒಂದರೊಳಗೊಂದು ಬೆರೆತುಹೋಗುವುದು ಇದರ ಕೊರತೆ. ಥೆರೂ ಅವರ ಪಾತ್ರಗಳು ಹಾಗೆ ಕರಗುವುದಿಲ್ಲ.

ಊರು ಬಿಟ್ಟ ನಾವೂ ನಮ್ಮನ್ನು ವಲಸಿಗರೆಂದು ಕರೆದುಕೊಳ್ಳುತ್ತೇವೆ, ಆ ಬಗ್ಗೆ ಕವಿತೆ ಬರೆಯುತ್ತೇವೆ. ಕೈಯಲ್ಲಿ ಕನ್‌ಫರ್ಮ್ ಆದ ಟಿಕೆಟ್ ಹಿಡಿದ ನಾವು ಹೆಚ್ಚು ಹತ್ತಿರವಿರುವುದು ಥೆರೂಗೇ. ಅವರ ಪುಸ್ತಕ ನಮಗೆ ಸಲೀಸಾಗಿ ಹಿಡಿಸುವುದಕ್ಕೆ ಅದೂ ಒಂದು ಕಾರಣ; ಮಾರ್ಟಿನೆಸ್‌ರನ್ನು ಓದಲೇಬೇಕಾದುದಕ್ಕೂ ಅದೇ ಕಾರಣ.