ಮೇಷ್ಟ್ರ ಕಾಲು, ದುರ್ಯೋಧನನ ಕಂದ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ನಾಟಕಶಾಲೆ ಎಂದರೆ ಊರ ಮುಂದಿನ ಬಯಲು. ಬಾಡಿಗೆಯ ಡ್ರಾಮಾ ಸೀನರಿ ಕಟ್ಟಿದ ರಾತ್ರಿ ಅದು ಹಸ್ತಿನಾವತಿ. ಆಡುವುದು ಬಹುಪಾಲು ‘ಕುರುಕ್ಷೇತ್ರ’. 1934ರಲ್ಲಿ ನಾಟಕ ಕಂಪನಿಯ ಗುಬ್ಬಿ ವೀರಣ್ಣನವರು ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಮೆರೆಸಿದ ಕಥೆಯನ್ನು ಇಲ್ಲಿ ಕಬ್ಬು ಬೆಳೆಯುವ ರೈತರು ಬೆಳಗಿನವರೆಗೆ ಬರೀ ಗಂಟಲಿನಿಂದ ಕಟ್ಟುತ್ತಾರೆ.

ಜನರ ಕಣ್ಣೆಲ್ಲ ಕಿರೀಟ, ಗದೆಗಳ ಮೇಲೆ. ನನಗೆ ಮಾತ್ರ ರಂಗದ ಮುಂದೆ ಕೂತ ಹಾರ್ಮೋನಿಯಂ ಮೇಷ್ಟ್ರ ಪಾದಗಳನ್ನು ನೋಡಿದಷ್ಟೂ ಸಾಲದು. ಲೆಗ್ ಹಾರ್ಮೋನಿಯಂನಲ್ಲಿ ತಿದಿ ಒತ್ತುವುದು ಕಾಲು. ಎರಡೂ ಕೈ ಸ್ವರಕ್ಕೇ ಮೀಸಲು. ದುರ್ಯೋಧನ ಕಂದಪದ್ಯವನ್ನು ಮೇಲಕ್ಕೆ ಎಳೆದು ಉಸಿರು ಸೋಲುವ ಹೊತ್ತಿಗೆ ಆ ಕಾಲು ಗಾಳಿ ಹೆಚ್ಚಿಸಿ ನಾದವನ್ನು ಅವನ ಕೆಳಗೆ ಹಾಸುತ್ತದೆ. ಅವನು ಸೋತದ್ದು ಯಾರಿಗೂ ತಿಳಿಯುವುದಿಲ್ಲ! ಮಾತು ಮರೆತವನಿಗೆ ಮೇಷ್ಟ್ರು ಬೆರಳು ನಿಲ್ಲಿಸದೆಯೇ ಮುಂದಿನ ಪದ ಎತ್ತಿಕೊಡುತ್ತಾರೆ. ತಿಂಗಳುಗಟ್ಟಲೆ ತಾಲೀಮಿನಲ್ಲಿ ಯಾರಿಗೆ ಕಪ್ಪು ಒಂದು, ಯಾರಿಗೆ ಬಿಳಿ ನಾಲ್ಕು ಎಂದು ಗಂಟಲು ಅಳೆದು ಶ್ರುತಿ ಹಚ್ಚಿದವರೂ ಅವರೇ. ನಡುರಾತ್ರಿ ಮೀರಿದ ಮೇಲೆ ಜನ ‘ಒನ್ಸ್ ಮೋರ್’ ಎಂದು ಕೂಗಿದರೆ, ಪಾತ್ರಧಾರಿ ತಿರುಗಿ ನೋಡುವಷ್ಟರಲ್ಲಿ ಪಲ್ಲವಿ ಆಗಲೇ ಪೆಟ್ಟಿಗೆಯಿಂದ ಹೊರಟಿರುತ್ತದೆ.