ನೆಪ ಮತ್ತು ಹೊಣೆ: ಅಸ್ತಿತ್ವವಾದವನ್ನು ನಮಗಾಗಿ ಓದಿಕೊಳ್ಳುವ ಬಗ್ಗೆ

ನವ್ಯ ಸಾಹಿತ್ಯದ ಬಗ್ಗೆ ಮಾತೆತ್ತಿದರೆ ಅದು ಮುಗಿದ ಅಧ್ಯಾಯವೆಂದು ಪಕ್ಕಕ್ಕಿಡುವುದು ಈಗ ರೂಢಿ. ಕನ್ನಡದಲ್ಲಿ ಬಂಡಾಯದವರು, ಮಲಯಾಳದಲ್ಲಿ ಪ್ರಗತಿಪರರು ಹೆಚ್ಚುಕಡಿಮೆ ಒಂದೇ ಆಕ್ಷೇಪ ಎತ್ತಿದ್ದರು: ಅನಾಥಪ್ರಜ್ಞೆ, ಅಸಂಗತತೆ, ಪರಕೀಯತೆ ಇವೆಲ್ಲ ಪ್ಯಾರಿಸಿನಿಂದ ಆಮದಾದ ಸರಕು, ನಮ್ಮೂರಿನ ಹಸಿವಿಗೂ ಇದಕ್ಕೂ ಸಂಬಂಧವಿಲ್ಲ. ಎಂ. ಮುಕುಂದನ್ 1976ರಲ್ಲಿ ‘ಎಂತಾಣ್ ಆಧುನಿಕತ?’ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಆದರೆ ನನ್ನ ಪ್ರಶ್ನೆ ಬೇರೆ. ಆ ಕೃತಿಗಳನ್ನು, ಅವುಗಳ ಹಿಂದಿರುವ ಮನಶ್ಶಾಸ್ತ್ರವನ್ನೂ ತತ್ತ್ವವನ್ನೂ, ಒಬ್ಬ ಸಾಮಾನ್ಯ ಸಂಬಳದಾರ ತನ್ನನ್ನು ತಾನು ತಿಳಿಯುವುದಕ್ಕೆ ಬಳಸಬಹುದೇ? ಬಳಸುವುದಾದರೆ ಹೇಗೆ?

ಕಾಸರಗೋಡಿನವರಾದ ನಮಗೆ ಈ ಪ್ರಶ್ನೆ ಹೊಸತಲ್ಲ. ಕಾರಡ್ಕದಲ್ಲಿ 1940ರಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶರು ‘ಅಸ್ತಿತ್ವವಾದ’ ಎಂಬ ಹೆಸರಿನಲ್ಲೇ ಕನ್ನಡಕ್ಕೊಂದು ಪುಸ್ತಕ ಕೊಟ್ಟವರು. ಅವರ ಮೊದಲ ಸಂಕಲನದ ಹೆಸರು ‘ಮುಖವಾಡಗಳು’ (1968), ಹತ್ತು ವರ್ಷಗಳ ಬಳಿಕ ಬಂದ ಇನ್ನೊಂದರ ಹೆಸರು ‘ಮುಖಾಮುಖಿ’ (1978). ಈ ಎರಡು ಹೆಸರುಗಳನ್ನು ಜತೆಗಿಟ್ಟು ನೋಡಿದರೆ ನಾನು ಹೇಳಹೊರಟ ವಿಷಯದ ಅರ್ಧ ಅಲ್ಲಿಯೇ ಇದೆ. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾವು ಬರೆದ ಶ್ರದ್ಧಾಂಜಲಿಗಳಲ್ಲಿ ‘ಗಡಿನಾಡ ಕವಿ’ ಎಂಬ ಮಾತು ಎದ್ದು ಕಂಡಿತು. ಆ ಮಾತು ಅವರಿಗೆ ಸ್ವಲ್ಪ ಇಕ್ಕಟ್ಟಾಗಿತ್ತೆಂದೇ ನನ್ನ ಅಭಿಪ್ರಾಯ.

ಮೊದಲು ಸ್ವಂತದ ಒಂದು ಸಂಗತಿ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಕ್ಲರ್ಕಿನಿಂದ ಆಫೀಸರ್ ಆಗುವ ಬಡ್ತಿಗೆ ಅರ್ಜಿ ಹಾಕುವ ಅವಕಾಶ ನನಗೆ ಬಂದಿತ್ತು. ಅರ್ಜಿ ತುಂಬಿಸಿ ಮೇಜಿನ ಒಳಗಿಟ್ಟೆ. ಕೊನೆಯ ದಿನಾಂಕ ಕಳೆದು ಎರಡು ದಿನಗಳ ಮೇಲೆ ನೆನಪಾಯಿತು. ಎಲ್ಲರೊಡನೆಯೂ ‘ಮರೆತುಹೋಯಿತು’ ಎಂದೆ. ಯಾರೂ ಸಂಶಯಪಡಲಿಲ್ಲ, ಚಿನ್ನದ ಸಾಲದ ಕೌಂಟರಿನಲ್ಲಿ ಅಷ್ಟು ರಶ್ ಇತ್ತು.

ಫ್ರಾಯ್ಡನು 1901ರಲ್ಲಿ ದೈನಂದಿನ ಬದುಕಿನ ಮರೆವು, ಬಾಯಿತಪ್ಪು, ಕೈತಪ್ಪುಗಳ ಮೇಲೆಯೇ ಒಂದು ಪುಸ್ತಕ ಬರೆದ. ಹೀಗೆ ಮರೆಯುವುದು ಬರಿಯ ಆಕಸ್ಮಿಕವಲ್ಲ, ಒಳಗಿನ ಯಾವುದೋ ಇಚ್ಛೆ ಅಲ್ಲಿ ಕೆಲಸ ಮಾಡುತ್ತಿರುತ್ತದೆ ಎಂಬುದು ಅವನ ವಾದ. ಅದನ್ನು ಓದಿದಾಗ ನನಗೊಂದು ಸಮಾಧಾನವಾಯಿತು: ಮರೆತದ್ದು ನಾನಲ್ಲ, ನನ್ನ ಸುಪ್ತಪ್ರಜ್ಞೆ! ಮನಶ್ಶಾಸ್ತ್ರವನ್ನು ಅರೆಬರೆ ಓದಿದವರಿಗೆ ಸಿಗುವ ಮೊದಲ ಉಡುಗೊರೆ ಇಂಥ ಸಮಾಧಾನವೇ. ಬಾಲ್ಯ, ತಂದೆಯ ಗದರಿಕೆ, ಬಡತನ ಎಲ್ಲವೂ ಕಾರಣಗಳಾಗಿ ಸಾಲುಗಟ್ಟಿ ನಿಲ್ಲುತ್ತವೆ. ಕಾರಣಗಳು ನೋಡನೋಡುತ್ತ ನೆಪಗಳಾಗುತ್ತವೆ. (ನಿಜವಾದ ಕಾಯಿಲೆಯ ಮಾತು ಬೇರೆ. ನಿದ್ದೆಯಿಲ್ಲದೆ, ಊಟ ಸೇರದೆ ವಾರಗಟ್ಟಲೆ ಕುಗ್ಗಿರುವವನು ಸಾರ್ತ್ರನನ್ನು ಓದಬೇಕಾಗಿಲ್ಲ, ಡಾಕ್ಟರರನ್ನು ನೋಡಬೇಕು. ಕನ್ನಡದಲ್ಲಿ ಇಂಥ ವಿಷಯಗಳನ್ನು ಸಂಕೋಚವಿಲ್ಲದೆ ಬರೆದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ಸ್ವತಃ ವೈದ್ಯರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.)

ಸಾರ್ತ್ರ ತಕರಾರು ತೆಗೆಯುವುದು ಇಲ್ಲಿಯೇ. 1943ರ ತನ್ನ ದೊಡ್ಡ ಗ್ರಂಥದಲ್ಲಿ ಅವನು ಕೇಳುವ ಪ್ರಶ್ನೆ ಸರಳವಾದದ್ದು. ಮನಸ್ಸಿನ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತು ಬೇಡದ್ದನ್ನು ಒಳಗೇ ತಡೆಯುತ್ತಾನೆ ಎನ್ನುವಿರಾದರೆ, ಏನನ್ನು ತಡೆಯಬೇಕೆಂದು ಆ ಕಾವಲುಗಾರನಿಗೆ ತಿಳಿದಿರಲೇಬೇಕಲ್ಲ? ತಿಳಿದೂ ತಿಳಿಯದಂತೆ ಇರುವ ಈ ಸ್ಥಿತಿಯನ್ನು ಅವನು ಆತ್ಮವಂಚನೆ ಎಂದು ಕರೆದ. ಅದೇ ಗ್ರಂಥದಲ್ಲಿ ಒಬ್ಬ ಹೋಟೆಲ್ ಮಾಣಿಯ ಚಿತ್ರವಿದೆ. ಅವನ ನಡೆ ತುಸು ಹೆಚ್ಚೇ ಚುರುಕು, ಬಾಗುವುದರಲ್ಲಿ ತುಸು ಹೆಚ್ಚೇ ವಿನಯ. ಅವನು ಮಾಣಿಯಾಗಿರುವುದಲ್ಲ, ಮಾಣಿಯ ವೇಷ ಕಟ್ಟಿದ್ದಾನೆ. ಯಕ್ಷಗಾನ ನೋಡಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನನಗಂತೂ ಅದನ್ನು ಓದಿದ ಮರುದಿನ ಕೌಂಟರಿನಲ್ಲಿ ಕೂತು ಪಾಸ್‌ಬುಕ್ಕಿಗೆ ಕೈ ಚಾಚುವಾಗ ನನ್ನ ಕೈಯೇ ನನಗೆ ವಿಚಿತ್ರವಾಗಿ ಕಂಡಿತು.

ಈ ದೃಷ್ಟಿಯಿಂದ ನಮ್ಮ ನವ್ಯ ಕೃತಿಗಳನ್ನು ಮತ್ತೆ ಓದಿದರೆ ಕೆಲವು ಬೆಲೆಗಳು ಅದಲುಬದಲಾಗುತ್ತವೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಪ್ರಾಣೇಶಾಚಾರ್ಯರ ಆಯ್ಕೆಯ ಕತೆ ಎಂದು ಎಲ್ಲರೂ ಓದಿದ್ದೇವೆ. ಕಾಡಿನ ಕತ್ತಲಲ್ಲಿ ಚಂದ್ರಿಯೊಡನೆ ನಡೆದದ್ದು ತನ್ನ ನಿರ್ಧಾರವೇ, ತಾನಾಗಿ ಆದದ್ದೇ ಎಂದು ಆಚಾರ್ಯರು ಕಾದಂಬರಿಯ ಉತ್ತರಾರ್ಧವಿಡೀ ತರ್ಕಿಸುತ್ತಾರೆ. ಆದರೆ ಅವರಿನ್ನೂ ಹೊಯ್ದಾಡುತ್ತಿರುವಾಗಲೇ ಚಂದ್ರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣವನ್ನು ಸುಟ್ಟು ಊರು ಬಿಟ್ಟಾಗಿದೆ. ಇಡೀ ಅಗ್ರಹಾರಕ್ಕೆ ಉತ್ತರ ಸಿಗದ ಪ್ರಶ್ನೆಯನ್ನು ಅವಳು ಒಂದು ರಾತ್ರಿಯಲ್ಲಿ ಮುಗಿಸಿದಳು. ಅಸ್ತಿತ್ವವಾದಿಗಳು ಹೇಳುವ ಕೃತ್ಯ ಅವಳದು. ಆಚಾರ್ಯರದು ಅದರ ಚಿಂತನೆ ಮಾತ್ರ. ಕಾದಂಬರಿಯು ಆಮೇಲೆ ಅವಳ ಹಿಂದೆ ಹೋಗುವುದಿಲ್ಲ. ಒ.ವಿ. ವಿಜಯನ್ ಅವರ ‘ಖಸಾಕ್ಕಿಂಡೆ ಇತಿಹಾಸ’ದಲ್ಲಿಯೂ (1969) ಹೀಗೆಯೇ. ಚಿಕ್ಕಮ್ಮನೊಡನೆ ನಡೆದ ತಪ್ಪಿನ ಭಾರ ಹೊತ್ತು ಬರುವ ರವಿ ಏಕೋಪಾಧ್ಯಾಯ ಶಾಲೆಯಲ್ಲಿ ನೆಲೆ ಹುಡುಕುತ್ತಾನೆ. ಅವನ ಪಾಪಪ್ರಜ್ಞೆ ಎಷ್ಟು ಸುಂದರವಾದ ಭಾಷೆಯಲ್ಲಿ ಬಂದಿದೆಯೆಂದರೆ, ಆ ಚಿಕ್ಕಮ್ಮನ ಪಾಡೇನಾಯಿತೆಂದು ಕೇಳಲು ಓದುಗನಿಗೆ ತೋಚುವುದೇ ಇಲ್ಲ. ಎರಡನ್ನೂ ನಾನು ಪ್ರೀತಿಸುತ್ತೇನೆ. ಆದರೂ ಹೇಳಬೇಕು: ತನ್ನ ದುಃಖವನ್ನು ದೊಡ್ಡದು ಮಾಡಿಕೊಂಡು ಇತರರನ್ನು ಅದರ ಹಿನ್ನೆಲೆಯಾಗಿಸುವ ಅಭ್ಯಾಸ ನನ್ನಂಥ ಓದುಗರಿಗೆ ಇಂಥ ನಾಯಕರಿಂದಲೂ ಬಂದಿದೆ.

ಯಶವಂತ ಚಿತ್ತಾಲರ ‘ಶಿಕಾರಿ’ (1979) ಈ ವಿಷಯದಲ್ಲಿ ಹೆಚ್ಚು ಉಪಯುಕ್ತವೆಂದು ನನಗನಿಸುತ್ತದೆ. ಮುಂಬಯಿಯ ಕಂಪೆನಿಯೊಂದರ ಅಧಿಕಾರಿ ನಾಗಪ್ಪನ ಮೇಲೆ ಆರೋಪ ಬರುತ್ತದೆ, ಆರೋಪ ಏನೆಂದು ಅವನಿಗೆ ತಿಳಿಯದು. ಕಾಫ್ಕಾನ ‘ದ ಟ್ರಯಲ್’ ನೆನಪಾಗುವುದು ಸಹಜ. ಆದರೆ ಇಲ್ಲಿ ಮುಖ್ಯವಾದದ್ದು, ನಾಗಪ್ಪ ತನ್ನನ್ನು ತಾನು ಬಿಡಿಸಿ ನೋಡುವ ಹಟ. ಬಾಲ್ಯದ ಭಯಗಳವರೆಗೂ ಹೋಗುತ್ತಾನೆ. ಹೋದಂತೆಲ್ಲ ಆ ವಿಶ್ಲೇಷಣೆಯೇ ಅನುಮಾನಕ್ಕೊಳಗಾಗುತ್ತದೆ: ಇದು ಸತ್ಯಶೋಧನೆಯೋ, ತನ್ನ ಪರವಾಗಿ ಸಿದ್ಧಮಾಡುತ್ತಿರುವ ಹೇಳಿಕೆಯೋ? ಕಾದಂಬರಿ ಅಗತ್ಯಕ್ಕಿಂತ ಉದ್ದವಾಗಿದೆ. ಆದರೂ ಮನಶ್ಶಾಸ್ತ್ರವನ್ನು ತನ್ನ ಪರ ವಕೀಲನಾಗಿ ನೇಮಿಸಿಕೊಳ್ಳುವ ಮನುಷ್ಯನನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕನ್ನಡ ಕಾದಂಬರಿಯನ್ನು ನಾನು ಓದಿಲ್ಲ.

ಇನ್ನು, ಈ ಸಂಚಿಕೆಯ ಓದುಗರಿಗೆ ರುಚಿಸಲಾರದ ಒಂದು ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಯಾಗಲಿಲ್ಲ. ಇದು ನಮಗೆ ಒದಗಿಬಂದ ಸ್ಥಿತಿ. ನಾವು ಯಾರೂ ಆರಿಸಿಕೊಂಡದ್ದಲ್ಲ. ಅದರಲ್ಲಿ ಆದ ಅನ್ಯಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕನ್ನಡ ಪುಸ್ತಕ ಕೊಳ್ಳದಿರುವುದಕ್ಕೆ, ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದಕ್ಕೆ, ಪಕ್ಕದ ಮನೆಯ ಮಲಯಾಳಿ ಕವಿಯನ್ನು ಓದದಿರುವುದಕ್ಕೆ ಕೂಡ 1956ನ್ನೇ ಉತ್ತರವಾಗಿ ಕೊಡುವಾಗ ನಾವೂ ಒಂದು ವೇಷ ಕಟ್ಟಿರುತ್ತೇವೆ. ಕೌಂಟರಿನಲ್ಲಿ ದಿನವಿಡೀ ಮಲಯಾಳ ಮಾತಾಡಿ, ಸಂಜೆ ಸಭೆಯಲ್ಲಿ ‘ಅನ್ಯಭಾಷೆಯ ನಡುವೆ ನರಳುತ್ತಿರುವ’ ಕನ್ನಡಿಗನಾಗಿ ಭಾಷಣ ಮಾಡಿದವನು ನಾನು. ಎರಡೂ ಹೊತ್ತು ಚಪ್ಪಾಳೆ ಸಿಕ್ಕಿದೆ ಎನ್ನಲಾರೆ, ಸಂಜೆ ಸಿಕ್ಕಿದೆ.

ಬಡ್ತಿಯ ವಿಷಯಕ್ಕೆ ಬಂದರೆ, ‘ಮರೆತೆ’ ಎಂಬುದು ಹಳತಾದ ಮೇಲೆ ನಾನು ‘ಅಮ್ಮನಿಗಾಗಿ ನಿಂತೆ’ ಎನ್ನತೊಡಗಿದ್ದೆ. ಆಫೀಸರಾದರೆ ದೂರದ ಜಿಲ್ಲೆಗೆ ವರ್ಗವಾಗುತ್ತಿತ್ತು, ಅಮ್ಮನಿಗೆ ಪ್ರಾಯವಾಗಿದೆ, ಹೀಗೆ. ಒಂದು ದಿನ ನೆಂಟರೆದುರು ಈ ಮಾತು ಬಂದಾಗ ಅಡುಗೆಮನೆಯಿಂದ ಅಮ್ಮ ಹೊರಗೆ ಬಂದು ಕೇಳಿದರು: “ನನಗೆ ಬೇಕಾಗಿ ನಿಲ್ಲು ಅಂತ ನಾನು ಹೇಳಿದ್ದುಂಟಾ ಮಗಾ?”

ಹೇಳಿರಲಿಲ್ಲ. ಹೆದರಿದ್ದು ನಾನು. ಹೊಸ ಊರಿನಲ್ಲಿ ಸಹಿಯ ಹೊಣೆ ಹೊತ್ತ ಕುರ್ಚಿಯಲ್ಲಿ ಕೂರಲು ಹೆದರಿದ್ದೆ. ಫ್ರಾಯ್ಡನಿಲ್ಲದಿದ್ದರೆ ಆ ಮರೆವನ್ನು ನಾನು ಮರೆವೆಂದೇ ಬಿಟ್ಟುಬಿಡುತ್ತಿದ್ದೆ. ಸಾರ್ತ್ರನಿಲ್ಲದಿದ್ದರೆ ಫ್ರಾಯ್ಡನನ್ನು ಹಿಡಿದುಕೊಂಡು ಆರಾಮವಾಗಿ ಇರುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ, ಇಬ್ಬರೂ ಮಾಡದ ಕೆಲಸವನ್ನು ಆ ದಿನ ಅಮ್ಮ ಮಾಡಿದರು. ತನ್ನನ್ನು ತಾನು ಒಬ್ಬನೇ ಕೂತು ತಿಳಿಯಬಹುದೆಂಬ ನವ್ಯದ ನಂಬಿಕೆಯ ಬಗ್ಗೆ ನನಗೆ ಸಂಶಯ ಶುರುವಾದದ್ದು ಆಗಿನಿಂದ. ‘ಸಂಸ್ಕಾರ’ವನ್ನು ಚಂದ್ರಿಯ ಕಡೆಯಿಂದ ಓದಲು ಹೊರಟದ್ದೂ ಆಮೇಲೆಯೇ.